ಎಣ್ಣೆ ಕಲೆಯ ಕಾರ್ಡು

ನಾಲ್ಕೂವರೆ ವರ್ಷದ ಮಗ, ಜೊತೆಗೆ ತಾಯಿ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಬಂದವರೇ ಒಂದು ಕಂತೆ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. "ಮೂರು ತಿಂಗಳಿಂದ ದಿನಾ ಕೂರಿಸಿ ಓದಿಸ್ತಿದ್ದೀನಿ ಮೇಡಂ. ಕಾರ್ಡು ತೋರಿಸಿದ್ರೆ ಪಟಪಟ ಹೇಳ್ತಾನೆ. ಅದೇ ಪದ ಪುಸ್ತಕದಲ್ಲಿ ಬಂದ್ರೆ ಕಣ್ ಕಣ್ ಬಿಡ್ತಾನೆ. ಇವನಿಗೆ ಏನಾದ್ರೂ ತೊಂದರೆ ಇದೆಯಾ?"

ಕಾರ್ಡುಗಳಲ್ಲಿ ಬರೀ ಪದ, ಚಿತ್ರ ಇಲ್ಲ. ಹುಡುಗ ನಿಜಕ್ಕೂ ಪಟಪಟ ಹೇಳಿದ: ಕೊಡೆ, ಚೆಂಡು, ಹಕ್ಕಿ. ಅವೇ ಪದಗಳನ್ನು ಬಿಳಿ ಹಾಳೆಯಲ್ಲಿ ಬರೆದು ತೋರಿಸಿದೆ. ಸುಮ್ಮನಾದ. ಆಮೇಲೆ ಕಾರ್ಡುಗಳನ್ನು ಸರಿಯಾಗಿ ನೋಡಿದೆ. 'ಕೊಡೆ' ಕಾರ್ಡಿನ ಮೂಲೆಯಲ್ಲಿ ಎಣ್ಣೆ ಕಲೆ, 'ಚೆಂಡು' ಕಾರ್ಡಿನ ತುದಿ ಮಡಚಿತ್ತು. ಕಲೆಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದೆ. ಅವನು ನನ್ನ ಬೆರಳನ್ನೇ ಸರಿಸೋಕೆ ಬಂದ!

ಇದು ದಡ್ಡತನ ಅಲ್ಲ. ಉತ್ತರ ಸರಿಯಾದರೆ ಶಭಾಷ್ ಸಿಗುತ್ತದೆ, ಸುಲಭದ ಗುರುತು ಯಾವುದೋ ಅದನ್ನು ಹಿಡಿದ. ಕಲೆಗೂ ಮಾತಿಗೂ ನಂಟು ಬೆಳೆಯಿತು, ಅಕ್ಷರ ಹೊರಗೇ ಉಳಿಯಿತು.

ತಾಯಿಗೆ ಒಂದು ಹಳೆಯ ಪ್ರಯೋಗದ ಕತೆ ಹೇಳಿದೆ. 1971ರಲ್ಲಿ ಮರ್ರೆ ಸಿಡ್ಮನ್ ಎಂಬ ಅಮೆರಿಕದ ಸಂಶೋಧಕ 17 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಬುದ್ಧಿ ಬೆಳವಣಿಗೆ ತೀರಾ ಹಿಂದುಳಿದಿದ್ದ ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ಹೆಸರು ಕೇಳಿ ಚಿತ್ರ ತೋರಿಸುತ್ತಿದ್ದ. ಹೆಸರು ಕೇಳಿ ಬರೆದ ಪದ ತೋರಿಸೋದನ್ನು ಮಾತ್ರ ಕಲಿಸಿದರು. ಬರೆದ ಪದಕ್ಕೂ ಚಿತ್ರಕ್ಕೂ ಜೋಡಿ ಹಾಕೋದನ್ನು ಯಾರೂ ಹೇಳಿಕೊಡಲಿಲ್ಲ. ಅದು ತಾನಾಗಿಯೇ ಬಂತು! ಎರಡು ನಂಟು ಗಟ್ಟಿಯಾದರೆ ಉಳಿದವು ಪುಕ್ಕಟೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. 1986ರ ಒಂದು ಅಧ್ಯಯನದಲ್ಲಿ, ಮಾತು ಬಂದಿದ್ದ ಪುಟ್ಟ ಮಕ್ಕಳು ಇಂಥ ನಂಟು ಕಟ್ಟಿಕೊಂಡರು, ಮಾತು ಬಾರದವರು ಕಟ್ಟಿಕೊಳ್ಳಲಿಲ್ಲ. ಅದಕ್ಕೇ ಮೊದಲು ಇವನ ಮಾತನ್ನೇ ಗಮನಿಸಿದೆ. ಮಾತಿಗೇನೂ ಕೊರತೆ ಇರಲಿಲ್ಲ, ನನ್ನ ಕನ್ನಡಕದ ಬಗ್ಗೆಯೇ ಐದಾರು ಪ್ರಶ್ನೆ ಕೇಳಿದ. ಮಾತು ತಡವಾಗಿದ್ದರೆ ಮೊದಲು ಕಿವಿ ಪರೀಕ್ಷೆಗೆ ಕಳಿಸುತ್ತಿದ್ದೆ.

ನನ್ನ ಸಲಹೆ ಇಷ್ಟು. ಹಳೆ ಕಂತೆ ಒಳಗಿಡಿ. ಅವನಿಗೆ ಚೆನ್ನಾಗಿ ಗೊತ್ತಿರೋ ಮೂರೇ ವಸ್ತು ಆರಿಸಿ. ಒಂದೇ ಪದವನ್ನು ಹಲವು ಹಾಳೆಗಳಲ್ಲಿ, ಹಲವು ಬಣ್ಣಗಳಲ್ಲಿ ಬರೆಯಿರಿ, ಬಣ್ಣವೋ ಹಾಳೆಯೋ ಗುರುತಾಗಬಾರದು. ಮೂರು ಪದಗಳನ್ನೂ ಮುಂದಿಟ್ಟು "ಚೆಂಡು ಎಲ್ಲಿದೆ?" ಅಂತ ಕೇಳಿ, ಸಲ ಸಲಕ್ಕೂ ಜಾಗ ಬದಲಿಸಿ. ಇಲ್ಲದಿದ್ದರೆ 'ಚೆಂಡು ಅಂದ್ರೆ ಎಡಗಡೆ' ಅಂತ ಕಲಿತುಬಿಡುತ್ತಾನೆ. ಇದು ಗಟ್ಟಿಯಾದ ಮೇಲೆ ಒಂದು ದಿನ ಚಿತ್ರ ಇಟ್ಟು, ಇದರ ಪದ ಯಾವುದು ಅಂತ ಕೇಳಿ. ಆಗ ಸರಿ, ತಪ್ಪು ಏನೂ ಹೇಳಬೇಡಿ. ಹೇಳಿದರೆ ಅದೂ ಪಾಠವೇ ಆಯಿತು, ತಾನಾಗಿ ಬಂತೋ ಇಲ್ಲವೋ ಗೊತ್ತಾಗೋದಿಲ್ಲ. ದಿನಕ್ಕೆ ಐದು ನಿಮಿಷ ಸಾಕು.

"ಸುಮ್ನೆ ಇರೋದೇ ಕಷ್ಟ ಮೇಡಂ" ಅಂದರು.

ಮೂರು ವಾರ ಬಿಟ್ಟು ಬಂದರು. ಚೆಂಡು, ಹಕ್ಕಿ ಎರಡಕ್ಕೂ ಯಾರೂ ಕಲಿಸದೇ ಚಿತ್ರದ ಪಕ್ಕ ಪದ ಇಟ್ಟನಂತೆ. 'ಕೊಡೆ' ಮಾತ್ರ ಇನ್ನೂ ಬಂದಿಲ್ಲ. ಹಾಳೆ ಹಿಡಿದು ಮೂಲೆಯಲ್ಲಿ ಏನೋ ಹುಡುಕುತ್ತಾನಂತೆ. ಅದನ್ನು ಸ್ವಲ್ಪ ದಿನ ಬಿಟ್ಟುಬಿಡಿ, ಬೇರೆ ಪದ ಹಿಡಿಯಿರಿ ಅಂದೆ.