ಅಪವರ್ತನ ಸಿಗದಿದ್ದರೆ ಉತ್ತರ ಅರ್ಧವೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ 50 ಲಕ್ಷ ಅಂಕಿಗಳ ಒಂದು ಸಂಖ್ಯೆಯ ಬಗ್ಗೆ ಬರೆದಿದ್ದೀರಿ. ಅದು ಸಂಯುಕ್ತ ಸಂಖ್ಯೆ ಅಂತ ಗೊತ್ತಂತೆ, ಯಾವುದರಿಂದ ಭಾಗವಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲವಂತೆ. ಇದು ಅರ್ಧ ಉತ್ತರ ಅಲ್ವಾ? ಅಪವರ್ತನ ಸಿಕ್ಕಮೇಲೆ ಬರೆಯಬಹುದಿತ್ತು.

ಸಂಪಾದಕರ ಉತ್ತರ: ಅಪವರ್ತನ ಕೈಗೆ ಸಿಕ್ಕಾಗಿನ ಖುಷಿಯೇ ಬೇರೆ, ಒಪ್ಪುತ್ತೇನೆ. ಯಾರು ಬೇಕಾದರೂ ಗುಣಿಸಿ ನೋಡಬಹುದು. ಆದರೆ 'ಅರ್ಧ ಉತ್ತರ' ಅಂದಿರಲ್ಲ, ಅದನ್ನು ಸುಮ್ನೆ ಬಿಡಲಾರೆ.

91ನ್ನು ನೋಡಿ. ಅವಿಭಾಜ್ಯದ ಹಾಗೇ ಕಾಣುತ್ತದೆ. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲೇ ಒಂದು ನಿಯಮ ಹೇಳಿದ್ದ. ಅದರ ಪ್ರಕಾರ 91 ಅವಿಭಾಜ್ಯವಾಗಿದ್ದರೆ, 2ರ 90ನೇ ಘಾತವನ್ನು 91ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. 2ರ 12ನೇ ಘಾತ 4096. ಅದನ್ನು 91ರಿಂದ ಭಾಗಿಸಿದರೆ ಉಳಿಯುವುದು 1. ಹಾಗಾಗಿ ಶೇಷ ಬದಲಾಗದ ಹಾಗೆ 90ರಲ್ಲಿ ಹನ್ನೆರಡು ಹನ್ನೆರಡಾಗಿ ತೆಗೆಯುತ್ತಾ ಹೋಗಬಹುದು. ಕೊನೆಗೆ 6 ಉಳಿಯುತ್ತದೆ. 2ರ 6ನೇ ಘಾತ 64. ಶೇಷ 64, 1 ಅಲ್ಲ. ಮುಗಿಯಿತು, 91 ಸಂಯುಕ್ತ. 7ರ ಹೆಸರೂ ಎತ್ತಲಿಲ್ಲ, 13ರ ಹೆಸರೂ ಎತ್ತಲಿಲ್ಲ. ಇದರಲ್ಲಿ ಯಾವ ಅರ್ಧ ಬಾಕಿ ಇದೆ, ಹೇಳಿ? (341ರಂಥ ಕೆಲವು ಸಂಯುಕ್ತಗಳು ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತವೆ, ನಿಜ. ಆದರೆ ಸಿಕ್ಕಿಬಿದ್ದದ್ದು ಖಂಡಿತ ಅವಿಭಾಜ್ಯವಲ್ಲ.)

ನೀವು ಕೇಳಿದ ಸಂಖ್ಯೆ 2ರ 16777216ನೇ ಘಾತಕ್ಕೆ 1 ಕೂಡಿಸಿದರೆ ಬರುವಂಥದ್ದು. ಅಂಕಿಗಳು 50,50,446. ಇಂಥ ಸಂಖ್ಯೆಗಳಿಗೆ ಫ್ರಾನ್ಸಿನ ಪೆಪಿನ್ 1877ರಲ್ಲಿ ಒಂದು ಪರೀಕ್ಷೆ ಕೊಟ್ಟಿದ್ದ, ಅದರಲ್ಲೂ ನೋಡುವುದು ಶೇಷವನ್ನೇ. ಗಣಿತಜ್ಞರು ಅದನ್ನೇ ಈ ಸಂಖ್ಯೆಯ ಮೇಲೆ ಮಾಡಿದರು. ಒಂದು ಲೆಕ್ಕವನ್ನು ನಂಬದೆ ಬೇರೆ ಬೇರೆಯಾಗಿ ಮಾಡಿ ತಾಳೆ ನೋಡಿದರು. ಬರಬೇಕಾದ ಶೇಷ ಬರಲಿಲ್ಲ. 1999ರಲ್ಲಿ ಅದು ಸಂಯುಕ್ತ ಅಂತ ತೀರ್ಮಾನವಾಯಿತು.

ಇನ್ನು 2ರ 67ನೇ ಘಾತದಲ್ಲಿ 1 ಕಳೆದ ಸಂಖ್ಯೆ. ಫ್ರಾನ್ಸಿನ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. 1876ರಲ್ಲಿ ಗಣಿತಜ್ಞ ಲ್ಯೂಕಾ ಅದು ಅವಿಭಾಜ್ಯ ಅಲ್ಲ ಅಂತ ತೋರಿಸಿದ, ಅಪವರ್ತನ ಮಾತ್ರ ಅವನ ಬಳಿ ಇರಲಿಲ್ಲ. 1903ರಲ್ಲಿ ನ್ಯೂಯಾರ್ಕ್‌ನ ಗಣಿತಜ್ಞರ ಒಂದು ಸಭೆಯಲ್ಲಿ ಫ್ರಾಂಕ್ ಕೋಲ್ ಅದರ ಅಪವರ್ತನಗಳಾದ 193707721 ಮತ್ತು 761838257287ನ್ನು ತೋರಿಸಿದ. ಬಾಯಿ ಬಿಡದೆ ಬೋರ್ಡಿನ ಮೇಲೆ ಗುಣಿಸಿ ಕೂತನಂತೆ, ಸಭೆ ಚಪ್ಪಾಳೆ ತಟ್ಟಿತಂತೆ. ಆ ಚಪ್ಪಾಳೆಯ ಕಥೆ ಎಲ್ಲರಿಗೂ ಗೊತ್ತು. ನನ್ನ ಮನಸ್ಸು ಮಾತ್ರ ಲ್ಯೂಕಾನ ಕಡೆಗೇ ಹೋಗುತ್ತದೆ. 27 ವರ್ಷ ಅವನ ಮಾತಿಗೆ ಯಾವ ಅಪವರ್ತನದ ಆಸರೆಯೂ ಇರಲಿಲ್ಲ. ಆ 27 ವರ್ಷವೂ ಅವನು ಹೇಳಿದ್ದು ಪೂರ್ತಿ ಸರಿಯಾಗಿತ್ತು.

ನಿಮ್ಮೊಬ್ಬರನ್ನೇ ಯಾಕೆ ದೂರಲಿ? 2024ರಲ್ಲಿ 4,10,24,320 ಅಂಕಿಗಳ ಅವಿಭಾಜ್ಯ ಸಿಕ್ಕಾಗ ಪತ್ರಿಕೆಗಳೆಲ್ಲ ಬರೆದವು. ಅದೇ ಹುಡುಕಾಟದಲ್ಲಿ ಎಷ್ಟೋ ಜನರ ಕಂಪ್ಯೂಟರ್ ದಿನಗಟ್ಟಲೆ ಲೆಕ್ಕ ಮಾಡಿ ಕೊನೆಗೆ 'ಸಂಯುಕ್ತ' ಅಂದಿದೆ. ಅವರ ಬಗ್ಗೆ ಒಂದು ಸಾಲೂ ಇಲ್ಲ. ಅವರು ಕಂಡುಕೊಂಡದ್ದೂ ಅಷ್ಟೇ ಗಟ್ಟಿಯಾದ ಸತ್ಯ ಅಲ್ವಾ? ತರಗತಿಯಲ್ಲೂ ಇದೇ ಕಥೆ. ಭಾಗಾಕಾರ ಮಾಡಿದ ಮಗುವನ್ನು ಕೇಳುವುದು ಭಾಗಲಬ್ಧ ಎಷ್ಟು ಅಂತ. ಶೇಷ ಏನೋ ಉಳಿದುಹೋದ ಕಸ ಎಂಬಂತೆ ಮೂಲೆಯಲ್ಲಿ ಕೂರುತ್ತದೆ. ನನಗೂ ಹಾಗೇ ಕಲಿಸಿದರು. ಶೇಷವೊಂದೇ ಇಷ್ಟು ದೊಡ್ಡ ಸಂಖ್ಯೆಯ ಗುಟ್ಟು ಹೇಳಬಲ್ಲದು ಅಂತ ತಿಳಿಯುವಷ್ಟರಲ್ಲಿ ಜಾಸ್ತಿ ವರ್ಷಗಳೇ ಹೋದವು. ಆ ಬೇಸರ ಇನ್ನೂ ಇದೆ.

ಪತ್ರ ಬರೆಯುವಷ್ಟು ಆಸಕ್ತಿ ನಿಮಗಿದೆ, ಅದಕ್ಕೇ ಒಂದು ಕೆಲಸ ಕೊಡುತ್ತೇನೆ. 323ನ್ನು ತೆಗೆದುಕೊಳ್ಳಿ. 2ರ 322ನೇ ಘಾತವನ್ನು ಅದರಿಂದ ಭಾಗಿಸಿದರೆ ಏನು ಉಳಿಯುತ್ತದೆ? ಮುಂದಿನ ಪತ್ರದಲ್ಲಿ ಬರೆಯಿರಿ. ಅಪವರ್ತನ ಬೇಡ, ಶೇಷ ಸಾಕು.