ಸೂಪರ್‌ಮೋಟೋ ರೇಸಿಂಗ್ ಅಷ್ಟು ಜೋರಾಗಿ ಬಂದು ಅಷ್ಟೇ ಬೇಗ ಯಾಕೆ ಮರೆಯಾಯಿತು?

ಹಳೆಯ ಎಕ್ಸ್ ಗೇಮ್ಸ್ (ಸಾಹಸ ಕ್ರೀಡೆಗಳ ಕೂಟ) ವಿಡಿಯೋಗಳಲ್ಲಿ ಸೂಪರ್‌ಮೋಟೋ, ಅಂದರೆ ಡಾಂಬರು, ಮಣ್ಣು ಎರಡೂ ಇರುವ ಟ್ರ್ಯಾಕಿನ ಬೈಕ್ ರೇಸ್, ನೋಡಿ ಖುಷಿಪಟ್ಟೆ, ಈಗ ಎಲ್ಲೂ ಕಾಣಿಸುತ್ತಿಲ್ಲ, ಆ ರೇಸ್ ನಿಂತೇ ಹೋಯಿತಾ ಎಂದು ಕೇಳಿದ್ದೀರಿ. ನಿಂತಿಲ್ಲ. ಅಮೆರಿಕದಲ್ಲಿ ನೆಲಕಚ್ಚಿತು, ಯುರೋಪಿನಲ್ಲಿ ಈಗಲೂ ನಡೆಯುತ್ತಿದೆ. ಯಾಕೆ ಹೀಗಾಯಿತು ಅನ್ನುವುದೇ ಇದರ ಅಸಲಿ ಕಥೆ. ನನಗೆ ತುಂಬಾ ಇಷ್ಟವಾದ ರೇಸಿಂಗ್ ಇದು, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಇದು ಹುಟ್ಟಿದ್ದೇ ಟಿವಿಗೋಸ್ಕರ. 1979ರಲ್ಲಿ ಅಮೆರಿಕದ ಎಬಿಸಿ ಚಾನೆಲ್‌ನ 'ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್' ಕಾರ್ಯಕ್ರಮಕ್ಕೆ ಗ್ಯಾವಿನ್ ಟ್ರಿಪ್ ಎಂಬ ರೇಸ್ ಪ್ರಮೋಟರ್ ಒಂದು ಐಡಿಯಾ ಕೊಟ್ಟರು. ರೋಡ್ ರೇಸರ್, ಮಣ್ಣಿನ ಏರುತಗ್ಗುಗಳಲ್ಲಿ ಜಿಗಿಯುತ್ತಾ ಓಡಿಸುವ ಮೋಟೋಕ್ರಾಸ್ ರೇಸರ್, ಮಣ್ಣಿನ ಓವಲ್ ಟ್ರ್ಯಾಕಿನಲ್ಲಿ ಓಡಿಸುವ ಫ್ಲ್ಯಾಟ್ ಟ್ರ್ಯಾಕ್ ರೇಸರ್, ಈ ಮೂವರಲ್ಲಿ ಯಾರು ಮೇಲು? ಜಗಳ ಬಗೆಹರಿಸಲು ಮೂರೂ ಬಗೆಯ ನೆಲ ಇರುವ ಒಂದೇ ಟ್ರ್ಯಾಕಿಗೆ ಎಲ್ಲರನ್ನೂ ಇಳಿಸಿಬಿಡೋಣ ಅನ್ನುವುದು ಅವರ ಲೆಕ್ಕ. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್ ರೇಸ್‌ವೇಯಲ್ಲಿ ಸ್ವಲ್ಪ ಡಾಂಬರು, ಸ್ವಲ್ಪ ಮಣ್ಣು, ಜೊತೆಗೆ ಮೋಟೋಕ್ರಾಸ್ ಜಿಗಿತಗಳನ್ನೂ ಸೇರಿಸಿ 'ಸೂಪರ್‌ಬೈಕರ್ಸ್' ಎಂಬ ಹೆಸರಿನಲ್ಲಿ ರೇಸ್ ನಡೆಸಿದರು. ಮೊದಲ ವರ್ಷ ಗೆದ್ದವನು ಮೋಟೋಕ್ರಾಸ್‌ನ ಕೆಂಟ್ ಹೊವರ್ಟನ್. ಕೆನ್ನಿ ರಾಬರ್ಟ್ಸ್, ಎಡ್ಡಿ ಲಾಸನ್ ಅಂಥ ಗ್ರ್ಯಾಂಡ್ ಪ್ರಿ ದಿಗ್ಗಜರೂ ಇಲ್ಲಿ ಓಡಿಸಿದ್ದಾರೆ. ವರ್ಷಕ್ಕೆ ಒಂದೇ ರೇಸ್, ಆದರೆ ದೇಶವೆಲ್ಲ ಟಿವಿಯಲ್ಲಿ ನೋಡುತ್ತಿತ್ತು. 1985ರ ನಂತರ ಟಿವಿಯವರು ಕೈಬಿಟ್ಟರು, ಅಲ್ಲಿಗೆ ಅಮೆರಿಕದಲ್ಲಿ ಆಟವೂ ಮುಗಿಯಿತು.

ಇಲ್ಲೇ ಒಂದು ಮಾತು ಗಮನಿಸಿ. ಆ ರೇಸಿಗೆ ತನ್ನದು ಅಂತ ಏನೂ ಇರಲಿಲ್ಲ. ರೇಸರ್‌ಗಳು ಬೇರೆ ರೇಸಿಂಗ್‌ನಿಂದ ಬಂದವರು. ಗಾಡಿಗಳು ಬೇರೆ ಕೆಲಸಕ್ಕೆ ಮಾಡಿದವು. ಟ್ರ್ಯಾಕು ಆ ದಿನಕ್ಕೆ ಜೋಡಿಸಿದ್ದು, ದುಡ್ಡು ಟಿವಿಯದ್ದು. ಎಲ್ಲವೂ ಕಡ. ನನ್ನ ಪ್ರಕಾರ ಸೂಪರ್‌ಮೋಟೋ ಏರಿದ್ದಕ್ಕೂ ಬಿದ್ದಿದ್ದಕ್ಕೂ ಇದೇ ಮೂಲ.

ಅಮೆರಿಕ ಮರೆತ ಹೊತ್ತಿಗೆ ಫ್ರಾನ್ಸ್, ಬೆಲ್ಜಿಯಂ, ಇಟಲಿಯವರು ಇದನ್ನು ಎತ್ತಿಕೊಂಡರು. ಅಲ್ಲಿ ಇದರ ಹೆಸರು ಸೂಪರ್‌ಮೋಟಾರ್ಡ್. ಪ್ಯಾರಿಸ್ ಹತ್ತಿರದ ಕರೋಲ್ ಸರ್ಕ್ಯೂಟ್‌ನಲ್ಲಿ 'ಗಿಡೋನ್ ದೋರ್' ರೇಸ್ ಶುರುವಾಯಿತು. ಬೆಲ್ಜಿಯಂನ ಮೆಟ್ಟೆ ಎಂಬ ಸಣ್ಣ ಊರಿನಲ್ಲಿ 1980ರ ದಶಕದ ಕೊನೆಯಿಂದ 'ಸೂಪರ್‌ಬೈಕರ್' ನಡೆಯುತ್ತಾ ಬಂತು. ಇವೆರಡು ದೊಡ್ಡ ಜಾತ್ರೆಗಳು. ಆದರೆ ಇವುಗಳ ಕೆಳಗೆ ಊರೂರಿನ ಕ್ಲಬ್ ರೇಸ್‌ಗಳು ಹುಟ್ಟಿಕೊಂಡವು. ಗೋ-ಕಾರ್ಟ್ ಟ್ರ್ಯಾಕ್ ಇದ್ದರೆ ಸಾಕು, ಪಕ್ಕದ ಖಾಲಿ ಜಾಗದಲ್ಲಿ ಮಣ್ಣಿನ ತುಂಡೊಂದನ್ನು ಮಾಡಿಕೊಂಡರೆ ರೇಸಿಗೆ ತಯಾರು. ಹುಡುಗರು ಅಲ್ಲಿ ಕಲಿತು ದೇಶದ ಚಾಂಪಿಯನ್‌ಶಿಪ್‌ಗೆ, ಅಲ್ಲಿಂದ ಮೇಲಕ್ಕೆ ಹೋಗುತ್ತಿದ್ದರು. 1999ರಲ್ಲಿ ವರ್ಲ್ಡ್ ಸೂಪರ್‌ಸ್ಪೋರ್ಟ್ ಎಂಬ ರೋಡ್ ರೇಸಿಂಗ್ ಪಟ್ಟ ಗೆದ್ದ ಸ್ಟೆಫಾನ್ ಶಾಂಬೋನ್ ಈ ದಾರಿಯಲ್ಲೇ ಬಂದವನು. 2002ರಲ್ಲಿ ಎಫ್‌ಐಎಂ (ಅಂತರರಾಷ್ಟ್ರೀಯ ಬೈಕ್ ರೇಸಿಂಗ್ ಒಕ್ಕೂಟ) ವಿಶ್ವ ಚಾಂಪಿಯನ್‌ಶಿಪ್ ಶುರುವಾಯಿತು. ಮೊದಲ ಚಾಂಪಿಯನ್ ಫ್ರಾನ್ಸಿನ ತಿಯೆರಿ ವಾನ್ ಡೆನ್ ಬಾಷ್.

ಇನ್ನು ಗಾಡಿ. ಇದು ಗೊತ್ತಿಲ್ಲದಿದ್ದರೆ ಈ ರೇಸಿಗೆ ಜನ ಯಾಕೆ ಹುಚ್ಚರಾದರು ಅನ್ನುವುದು ಅರ್ಥವಾಗುವುದಿಲ್ಲ. 450 ಸಿಸಿ ಮೋಟೋಕ್ರಾಸ್ ಬೈಕಿನ 21 ಇಂಚಿನ ಮುಂದಿನ ಚಕ್ರ ತೆಗೆದು 16.5 ಅಥವಾ 17 ಇಂಚಿನ ಅಗಲದ ಚಕ್ರ ಹಾಕುತ್ತಾರೆ. ಅದಕ್ಕೆ ರೋಡ್ ರೇಸಿನ ಸ್ಲಿಕ್ ಟೈರ್, ಅಂದರೆ ಗೀರುಗಳಿಲ್ಲದ ನುಣುಪು ಟೈರ್. ಮುಂದಿನ ಬ್ರೇಕ್ ಡಿಸ್ಕ್ 320 ಮಿ.ಮೀ.ನಷ್ಟು ದೊಡ್ಡದಾಗುತ್ತದೆ. ಸಸ್ಪೆನ್ಷನ್ ತಗ್ಗಿಸಿ ಗಟ್ಟಿ ಮಾಡುತ್ತಾರೆ. ಕೊನೆಗೆ ಸ್ಲಿಪ್ಪರ್ ಕ್ಲಚ್, ಅಂದರೆ ಗೇರ್ ಇಳಿಸಿದಾಗ ಇಂಜಿನ್ ಹಿಡಿತವನ್ನು ಸಡಿಲಿಸುವ ಕ್ಲಚ್. ಗಾಡಿ ಸುಮಾರು 110 ಕೆ.ಜಿ., ಶಕ್ತಿ 50 ಎಚ್‌ಪಿಗೂ ಮೇಲೆ.

ತಿರುವು ಬಂದಾಗ ರೇಸರ್ ಮುಂದಿನ ಬ್ರೇಕನ್ನು ಜೋರಾಗಿ ಹಿಡಿಯುತ್ತಾನೆ. ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ನೆಲವನ್ನು ಮುಟ್ಟಿಯೂ ಮುಟ್ಟದಂತೆ ಹಗುರಾಗುತ್ತದೆ. ಆ ಹೊತ್ತಿಗೆ ಪಟಪಟನೆ ಗೇರ್ ಇಳಿಸುತ್ತಾನೆ. ಇಂಜಿನ್ ಹಿಡಿತಕ್ಕೆ ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ. ಸ್ಲಿಪ್ಪರ್ ಕ್ಲಚ್ ಇರುವುದರಿಂದ ಚಕ್ರ ಕುಪ್ಪಳಿಸುವುದಿಲ್ಲ, ಹದವಾಗಿ ಜಾರುತ್ತದೆ. ಇನ್ನೂ ತಿರುವಿನ ಒಳಗೆ ಹೋಗಿಲ್ಲ, ಗಾಡಿ ಆಗಲೇ ಅಡ್ಡಡ್ಡ ಬರುತ್ತಿರುತ್ತದೆ! ಒಳಗಿನ ಕಾಲು ಮುಂದಕ್ಕೆ ಚಾಚಿರುತ್ತಾನೆ. ಬ್ರೇಕ್ ಸಡಿಲಿಸಿದ ಕ್ಷಣ ಹಿಂದಿನ ಚಕ್ರ ಸಾಲಿಗೆ ಬಂದು ನಿಲ್ಲುತ್ತದೆ, ಥ್ರಾಟಲ್ ತೆರೆದುಕೊಳ್ಳುತ್ತದೆ. ಹತ್ತಿಪ್ಪತ್ತು ಜನ ಒಬ್ಬರ ಪಕ್ಕ ಒಬ್ಬರು ಒಂದೇ ತಿರುವಿಗೆ ಹೀಗೆ ಬರುವುದನ್ನು ಒಮ್ಮೆ ನೋಡಿದರೆ ಸಾಕು, ಬೇರೆ ರೇಸ್ ಸಪ್ಪೆ ಅನಿಸುತ್ತದೆ. ನನಗಂತೂ ಹಾಗೇ ಆಯಿತು.

ಆದರೆ ರೇಸ್ ಗೆಲ್ಲುವುದು, ಸೋಲುವುದು ಬಹಳ ಸಲ ಮಣ್ಣಿನಿಂದ ಮತ್ತೆ ಡಾಂಬರಿಗೆ ಬರುವ ಆ ಸಣ್ಣ ಜಾಗದಲ್ಲಿ. ಜಿಗಿತ ಮುಗಿಸಿ ಬಂದ ಸ್ಲಿಕ್ ಟೈರಿಗೆ ಧೂಳು ಮೆತ್ತಿರುತ್ತದೆ. ಅದು ಉದುರುವ ತನಕ ಹಿಡಿತ ಇರುವುದಿಲ್ಲ. ಅಲ್ಲೇ ಮೊದಲ ತಿರುವು ಬಂದರೆ ಎಷ್ಟು ನಂಬಬಹುದು, ಎಷ್ಟು ನಂಬಬಾರದು ಅನ್ನುವ ಅಂದಾಜು ಬೇಕು. ಮೋಟೋಕ್ರಾಸ್ ಹುಡುಗರಿಗೆ ಡಾಂಬರಿನ ಬ್ರೇಕಿಂಗ್ ಕಷ್ಟ, ರೋಡ್ ರೇಸರ್‌ಗಳಿಗೆ ಈ ಧೂಳಿನ ಜಾಗ ಕಷ್ಟ.

2000ದ ನಂತರ ಅಮೆರಿಕದಲ್ಲಿ ಇದು ಮತ್ತೆ ಜೋರಾಗಲು ಫೋರ್-ಸ್ಟ್ರೋಕ್ ಮೋಟೋಕ್ರಾಸ್ ಬೈಕುಗಳೂ ಕಾರಣ. 1998ರಲ್ಲಿ ಡಗ್ ಹೆನ್ರಿ ಯಮಾಹಾ ವೈಝಡ್400ಎಫ್ ಓಡಿಸಿ ಅಮೆರಿಕದ 250 ಮೋಟೋಕ್ರಾಸ್ ಪಟ್ಟ ಗೆದ್ದ ಮೇಲೆ ಎಲ್ಲ ಕಂಪನಿಗಳೂ ಅಂಥ ಗಾಡಿ ಮಾಡತೊಡಗಿದವು. ಆ ಇಂಜಿನ್ ಸೂಪರ್‌ಮೋಟೋಗೆ ಹೇಳಿ ಮಾಡಿಸಿದಂತಿತ್ತು. 2003ರಲ್ಲಿ ಎಎಂಎ (ಅಮೆರಿಕದ ಬೈಕ್ ಸವಾರರ ಸಂಘ) ರಾಷ್ಟ್ರೀಯ ಚಾಂಪಿಯನ್‌ಶಿಪ್ ಶುರುವಾಯಿತು, 2004ರಲ್ಲಿ ಎಕ್ಸ್ ಗೇಮ್ಸ್‌ಗೂ ಬಂತು. ಆ 2004ರಲ್ಲೇ ಎಎಂಎ ಪಟ್ಟ ಗೆದ್ದವನು ಜೆಫ್ ವಾರ್ಡ್. ಮೋಟೋಕ್ರಾಸ್ ದಿಗ್ಗಜ, ನಂತರ ಕಾರು ರೇಸಿಗೆ ಹೋಗಿ 1999ರ ಇಂಡಿಯಾನಾಪೊಲಿಸ್ 500ರಲ್ಲಿ ಎರಡನೇ ಸ್ಥಾನ ಪಡೆದವನು. ಮತ್ತೆ ಬೈಕ್ ಹತ್ತಿದಾಗ ವಯಸ್ಸು ನಲವತ್ತು ದಾಟಿತ್ತು! 2006ರಲ್ಲಿ ಇನ್ನೊಮ್ಮೆ ಪಟ್ಟ ಗೆದ್ದ. ಡಗ್ ಹೆನ್ರಿ ಕೂಡ ಬಂದು 2005ರ ಎಕ್ಸ್ ಗೇಮ್ಸ್ ಚಿನ್ನ ಗೆದ್ದ.

ಅದೇ ಹೆನ್ರಿ 2007ರಲ್ಲಿ ಸೂಪರ್‌ಮೋಟೋ ರೇಸಿನಲ್ಲಿ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಹಿಂದೊಮ್ಮೆ ಬೆನ್ನುಮೂಳೆ ಮುರಿದುಕೊಂಡು ಮತ್ತೆ ಎದ್ದು ಬಂದು ಚಾಂಪಿಯನ್ ಆದವನು ಅವನು. ಆಮೇಲೂ ಪಂಜರದಂಥ ಚೌಕಟ್ಟು ಕಟ್ಟಿಸಿಕೊಂಡು ಬೈಕ್ ಓಡಿಸಿದ. ಆ ವಿಡಿಯೋ ನೋಡಿದಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ.

2009ರ ಸೀಸನ್ನಿನೊಂದಿಗೆ ಎಎಂಎ ಸೂಪರ್‌ಮೋಟೋ ಮುಗಿಯಿತು. 2008ರ ಆರ್ಥಿಕ ಕುಸಿತವೇ ಕಾರಣ ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ನಿಜ. ಬೈಕ್ ಕಂಪನಿಗಳು ಖರ್ಚು ಕಡಿತ ಮಾಡಿದವು. ಎಎಂಎ ತನ್ನ ವೃತ್ತಿಪರ ರೇಸ್‌ಗಳ ಹಕ್ಕನ್ನು 2008ರಲ್ಲಿ ಡೇಟೋನಾ ಮೋಟಾರ್‌ಸ್ಪೋರ್ಟ್ಸ್ ಗ್ರೂಪ್‌ಗೆ ಮಾರಿತ್ತು, ಹೊಸ ಯಜಮಾನರ ಗಮನ ಬೇರೆ ಕಡೆ ಇತ್ತು. ಆದರೆ ಅದೇ ಕುಸಿತ ಮೋಟೋಕ್ರಾಸ್‌ಗೂ ತಟ್ಟಿತಲ್ವಾ? ಅದು ಉಳಿಯಿತು.

ಸೂಪರ್‌ಮೋಟೋ ಉಳಿಯಲಿಲ್ಲ, ಯಾಕೆಂದರೆ ಕೆಳಗೆ ಬುನಾದಿ ಇರಲಿಲ್ಲ. ಸ್ಟಾರ್‌ಗಳೆಲ್ಲ ಬೇರೆ ಕಡೆ ಹೆಸರು ಮಾಡಿ ಕೊನೆಗಾಲದಲ್ಲಿ ಇಲ್ಲಿಗೆ ಬಂದವರು. ಹದಿನೈದು ವರ್ಷದ ಹುಡುಗನೊಬ್ಬ ಸೂಪರ್‌ಮೋಟೋ ರೇಸರ್ ಆಗಬೇಕೆಂದರೆ ಹತ್ತಬೇಕಾದ ಮೆಟ್ಟಿಲೇ ಇರಲಿಲ್ಲ. ಖರ್ಚೂ ಜಾಸ್ತಿ. ಹೊಸ 450 ತಂದು ಚಕ್ರ, ಬ್ರೇಕು, ಕ್ಲಚ್ಚು, ಸಸ್ಪೆನ್ಷನ್ ಎಲ್ಲ ಬದಲಾಯಿಸಬೇಕು. ಆಯೋಜಕರಿಗೆ ಇನ್ನೂ ತಲೆನೋವು. ಊರೊಳಗೆ, ಪಾರ್ಕಿಂಗ್ ಜಾಗದಲ್ಲಿ ರೇಸ್ ಮಾಡಿದರೆ ಲಾರಿಗಟ್ಟಲೆ ಮಣ್ಣು ತರಿಸಬೇಕು, ಹದ ಮಾಡಬೇಕು, ಮುಗಿದ ಮೇಲೆ ಗುಡಿಸಿ ತೆಗೆಯಬೇಕು. ಮಳೆ ಬಂದರೆ ಕೆಸರು ಡಾಂಬರಿನ ಮೇಲೆಲ್ಲ ಹರಡುತ್ತದೆ. ಆಗ ಮಣ್ಣಿನ ಭಾಗವನ್ನೇ ಬಿಟ್ಟು ಓಡಿಸಬೇಕಾಗುತ್ತದೆ. ಹಾಗೆ ಓಡಿಸಿದರೆ ಅದು ಸೂಪರ್‌ಮೋಟೋ ಹೇಗಾದೀತು? ಎಲ್ಲ ಶುರುವಾದ ಕಾರ್ಲ್ಸ್‌ಬ್ಯಾಡ್ ರೇಸ್‌ವೇ ಕೂಡ 2004ರಲ್ಲಿ ಮುಚ್ಚಿತ್ತು. ಹೊಸ ಪೀಳಿಗೆಗೆ ಆ ಟ್ರ್ಯಾಕ್ ಸಿಗಲೇ ಇಲ್ಲ.

ತಂಡಗಳು ಮೋಟೋಕ್ರಾಸ್ ಕಡೆ ತಿರುಗಿದವು. ರೇಸರ್‌ಗಳು ಚದುರಿದರು. ಅವರಲ್ಲೊಬ್ಬನಾದ ಕ್ರಿಸ್ ಫಿಲ್ಮೋರ್ 2017ರಲ್ಲಿ ಕೆಟಿಎಂ ಸೂಪರ್ ಡ್ಯೂಕ್ ಓಡಿಸಿ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಹತ್ತುವ ರೇಸಿನ ಬೈಕ್ ವಿಭಾಗ ಗೆದ್ದ.

ಯುರೋಪ್‌ಗೂ ಪೆಟ್ಟು ಬಿತ್ತು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿದ್ದ ಎರಡು ವರ್ಗ ಒಂದಾಯಿತು. ದೊಡ್ಡ ಕಂಪನಿಗಳು ಹಿಂದೆ ಸರಿದವು. ಆ ಜಾಗಕ್ಕೆ ಬಂದದ್ದು ಇಟಲಿಯ ಪೆಸಾರೋ ಊರಿನ ಟಿಎಂ ಎಂಬ ಪುಟ್ಟ ಕಾರ್ಖಾನೆ. ಮೊದಲು ಫ್ರಾನ್ಸಿನ ತೋಮಾ ಶಾರೇರ್, ನಂತರ ಜರ್ಮನಿಯ ಮಾರ್ಕ್-ರೈನರ್ ಶ್ಮಿಟ್ ಟಿಎಂ ಗಾಡಿಗಳಲ್ಲಿ ಪಟ್ಟದ ಮೇಲೆ ಪಟ್ಟ ಗೆದ್ದರು. ಜಪಾನಿನ ದೈತ್ಯರಿಲ್ಲದೆಯೂ ರೇಸ್ ನಡೆಯಲು ಕಾರಣ ಊರೂರಿನ ಆ ಕ್ಲಬ್‌ಗಳೇ. ರೋಡ್ ರೇಸರ್‌ಗಳೂ ಅಭ್ಯಾಸಕ್ಕೆ ಈ ಗಾಡಿಯನ್ನೇ ಹಿಡಿಯುತ್ತಾರೆ. ಅದೇನೂ ಸುಮ್ನೆ ಆಟ ಅಲ್ಲ. 2017ರಲ್ಲಿ ರೋಡ್ ರೇಸಿಂಗ್‌ನ ಮಾಜಿ ವಿಶ್ವ ಚಾಂಪಿಯನ್ ಮ್ಯಾಕ್ಸ್ ಬಿಯಾಜಿ ಇಟಲಿಯ ಲಟೀನಾದಲ್ಲಿ ಹೀಗೆ ಅಭ್ಯಾಸ ಮಾಡುವಾಗ ಬಿದ್ದು, ಪಕ್ಕೆಲುಬುಗಳು ಮುರಿದು ಐಸಿಯು ಸೇರಿದ್ದ.

ನಮ್ಮ ಕಡೆ ಹೇಳುವುದಾದರೆ, ಬೆಂಗಳೂರಿನಲ್ಲಿ ಹೀರೋ ಎಕ್ಸ್‌ಪಲ್ಸ್ ಬೈಕಿಗೆ 17 ಇಂಚಿನ ಚಕ್ರ ಹಾಕಿಸಿಕೊಂಡು ಓಡಾಡುವವರನ್ನು ನೋಡಿದ್ದೇನೆ. ಡುಕಾಟಿ ಹೈಪರ್‌ಮೋಟಾರ್ಡ್ 698 ಮೋನೊ 2024ರಲ್ಲಿ ಇಲ್ಲಿಗೆ ಬಂದಾಗ ಎಕ್ಸ್ ಶೋರೂಮ್ ಬೆಲೆ 16.50 ಲಕ್ಷ ರೂಪಾಯಿ. ಅದನ್ನು ಕೊಂಡು ಯಾರೂ ರೇಸ್ ಕಲಿಯುವುದಿಲ್ಲ ಬಿಡಿ. ಎಕ್ಸ್‌ಪಲ್ಸ್‌ನಂಥ ಸಣ್ಣ ಗಾಡಿ, ಹತ್ತಿರದಲ್ಲೊಂದು ಕಾರ್ಟ್ ಟ್ರ್ಯಾಕು, ಒಂದು ಕ್ಲಬ್ಬು ಇದ್ದರೆ ಇಲ್ಲೂ ಶುರುವಾಗಬಹುದು ಅಂತ ನನಗೆ ನಿಜವಾಗಿಯೂ ಅನಿಸುತ್ತದೆ.

ಈಗಿನ ರೇಸ್ ನೋಡಬೇಕೆಂದರೆ ಯೂಟ್ಯೂಬಿನಲ್ಲಿ ಎಸ್1ಜಿಪಿ (S1GP, ವಿಶ್ವ ಚಾಂಪಿಯನ್‌ಶಿಪ್‌ನ ಹೆಸರು) ಅಂತ ಹುಡುಕಿ. ಒಂದೇ ಒಂದು ನೋಡುವುದಾದರೆ ಅಕ್ಟೋಬರಿನಲ್ಲಿ ನಡೆಯುವ ಮೆಟ್ಟೆ ಸೂಪರ್‌ಬೈಕರ್ ನೋಡಿ.