212ನೇ ಪುಟದ ಬಗ್ಗೆ

ನಮಸ್ಕಾರ ಮೇಡಂ,

ನಿಮ್ಮ ಕಾದಂಬರಿ ಓದಿ ಮುಗಿಸಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ.

ಶುರು ಚೆನ್ನಾಗಿದೆ. 1856ರಲ್ಲಿ ಜರ್ಮನ್ ಹುಡುಗಿಯೊಬ್ಬಳು ಮುಖವೇ ನೋಡದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿಯನ್ನು ಮದುವೆಯಾಗಲು ಮಂಗಳೂರಿಗೆ ಬರುತ್ತಾಳೆ. ಹಾಗೆ ಬಂದವರು ನಿಜಕ್ಕೂ ಇದ್ದರು. ದಡದಲ್ಲಿ ನಿಂತವರಲ್ಲಿ ಗಂಡ ಯಾರು ಅಂತ ಅವಳು ಹುಡುಕುವ ಪುಟವನ್ನು ಎರಡು ಸಲ ಓದಿದೆ.

ಆಮೇಲೆ ಮ್ಯೂಸಿಯಂ ಶುರುವಾಗುತ್ತದೆ. ಅವಳು ಬಟ್ಟೆ ಮಡಚುತ್ತ, ಮಿಶನ್ನಿನ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಿತು ಎಂದು ಗಂಡನಿಗೆ ಹೇಳುತ್ತಾಳೆ. ಮಿಶನ್ನಿನ ಪಾದ್ರಿಗೇ ಅದು ಗೊತ್ತಿಲ್ವಾ? ನೀವು ಲೈಬ್ರರಿಯಲ್ಲಿ ಕಷ್ಟಪಟ್ಟಿದ್ದೀರಿ, ಒಪ್ಪುತ್ತೇನೆ. ಆದರೂ ಎರಡು ತಪ್ಪು ಉಳಿದಿವೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ನಿಮ್ಮ ಹಡಗು ಅದರಲ್ಲಿ ಬರಲಾರದು. ಮಿಶನ್ನಿನ ಹೆಂಚಿನ ಕಾರ್ಖಾನೆ 1865ರದ್ದು. ಅವಳ ಮನೆಗೆ ಮುಳಿಹುಲ್ಲೋ ನಾಡಹೆಂಚೋ ಹೊದಿಸಿ.

ಇವೆಲ್ಲ ಒಂದು ಸಂಜೆಯ ಕೆಲಸ. ನನಗೆ ಸಿಟ್ಟು ಬಂದದ್ದು 212ನೇ ಪುಟಕ್ಕೆ. ಅಲ್ಲಿ ಎರಡೇ ಸಾಲು: ಆರು ವರ್ಷದ ಮಗನನ್ನು ಓದಿಗೆಂದು ಬಾಸೆಲ್‌ಗೆ ಕಳಿಸಿದರು, ಮನೆ ಖಾಲಿ ಎನಿಸಿತು. ಅಷ್ಟೇನಾ?

ಮಿಶನರಿಗಳು ಮಕ್ಕಳನ್ನು ಹೀಗೆ ಸಣ್ಣ ವಯಸ್ಸಿಗೇ ಕಳಿಸುತ್ತಿದ್ದರು. ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ, ಮಿಶನರಿ ಗುಂಡರ್ಟರ ಮಗಳು ಮಾರಿಯೂ ಹಾಗೆ ಹೋದವಳೇ. ಅವಳ ಮಗನೇ ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆ. ನಿಮ್ಮ ಹುಡುಗನನ್ನೇ ನೋಡಿ. ಆಯಾಳ ಸೊಂಟದ ಮೇಲೆ ಬೆಳೆದವನು, ಕನಸು ಕಾಣುವುದೂ ತುಳುವಿನಲ್ಲಿ. ಅವನಿಗೆ ಪರದೇಶ ಯಾವುದು? ಬಾಸೆಲ್ಲೇ ಅಲ್ವಾ? ಅಪ್ಪ ಅಮ್ಮ ಇಪ್ಪತ್ತು ಅಧ್ಯಾಯ ಸೆಖೆಗೆ, ಮಳೆಗೆ, ಗಂಜಿಗೆ ಒಗ್ಗಿಕೊಂಡರು. ಇವನು ಚಳಿಗೆ ಒಗ್ಗಿಕೊಳ್ಳುವುದನ್ನು ನೀವು ನೋಡಲೇ ಇಲ್ಲ.

ಆಯಾ ಎಲ್ಲಿ ಹೋದಳು? ಹಡಗು ಹೊರಟ ದಿನ ಅವಳು ದಡಕ್ಕೆ ಬಂದಿದ್ದಳಾ, ಅಥವಾ ಬರಬೇಡ ಅಂದರಾ? ತಾಯಿಗೆ ಜರ್ಮನ್‌ನಲ್ಲಿ ಕಾಗದ ಬರುತ್ತದೆ. ಆಯಾಗೆ ಒಂದು ಸಾಲು ಬರೆಯಲು ಅವನಿಗೆ ಬರುವುದಿಲ್ಲ, ಬರೆದರೂ ಓದಲು ಇವಳಿಗೆ ಬರುವುದಿಲ್ಲ. (ಹಾಂ, ಇವಳು ಪಠ್ಯಪುಸ್ತಕದ ಕನ್ನಡ ಮಾತಾಡುವುದನ್ನೂ ನಿಲ್ಲಿಸಿ.)

ಪತ್ರಿಕೆ, ಮಗ್ಗ, ಮುದ್ರಣಾಲಯದ ಅಧ್ಯಾಯಗಳನ್ನು ಸುಮ್ನೆ ಪಕ್ಕಕ್ಕಿಡಿ. ಆ ಎರಡು ಸಾಲು ಇಪ್ಪತ್ತು ಪುಟ ಆದಾಗ ಅಷ್ಟನ್ನೇ ಕಳಿಸಿ. ಡಿಟಿಪಿ ಖರ್ಚು ಬೇಡ, ಕೈಬರಹವಾದರೂ ಓದುತ್ತೇನೆ.

ಇಂತಿ,
ಸಂಪಾದಕ